ಬಿಸಿಲು ನೋಡಿ ದಾರಿ ಹಿಡಿಯಿರಿ: ದಾವಣಗೆರೆಯಿಂದ ಗೆಳೆಯರೊಂದಿಗೆ ಎರಡು ದಿನಗಳ ಮಿತವ್ಯಯದ ಪ್ರವಾಸ

ದಾವಣಗೆರೆಯಲ್ಲಿ ನಾಲ್ಕು ಜನ ಗೆಳೆಯರು ಸೇರಿ ಪ್ರವಾಸದ ಮಾತು ತೆಗೆದರೆ ಮೊದಲು ಬಾಯಿಗೆ ಬರುವ ಹೆಸರುಗಳು ಜೋಗ, ಚಿಕ್ಕಮಗಳೂರು, ಗೋವಾ. ಆ ಊರುಗಳ ಚೆಲುವಿನ ಬಗ್ಗೆ ನನ್ನ ತಕರಾರಿಲ್ಲ. ಆದರೆ ಶನಿವಾರ ಬೆಳಿಗ್ಗೆ ಹೊರಟು ಭಾನುವಾರ ರಾತ್ರಿ ಮನೆ ಸೇರಲೇಬೇಕಾದವರು, ತಲಾ ಎರಡು ಸಾವಿರ ರೂಪಾಯಿಗಿಂತ ಹೆಚ್ಚು ಖರ್ಚು ಮಾಡಲಾರದವರು ಅಷ್ಟು ದೂರ ಹೋದರೆ, ನೋಡಿದ್ದಕ್ಕಿಂತ ಕುಳಿತದ್ದೇ ಹೆಚ್ಚಾಗುತ್ತದೆ. ಹಣದ ಬಹುಪಾಲು ಪೆಟ್ರೋಲ್ ಬಂಕಿಗೂ ವಾರಾಂತ್ಯದ ದುಬಾರಿ ಕೋಣೆಗಳಿಗೂ ಸೇರುತ್ತದೆ. ದಾವಣಗೆರೆ ಮತ್ತು ಚಿತ್ರದುರ್ಗ ಜಿಲ್ಲೆಗಳ ಒಳಗೇ ಕೆರೆ, ಕೋಟೆ, ಅಡಿಕೆ ತೋಟ, ಗಾಳಿಯಂತ್ರಗಳ ಗುಡ್ಡಗಳು ಮತ್ತು ಶತಮಾನ ದಾಟಿದ ಅಣೆಕಟ್ಟೆ ಇರುವಾಗ, ಸುಮಾರು 360 ಕಿಲೋಮೀಟರ್‌ಗಳ ಒಂದು ಸುತ್ತು ಎರಡು ದಿನಗಳಿಗೆ ಧಾರಾಳವಾಗಿ ಸಾಕು.

ಇದರಲ್ಲಿ ಒಂದು ಷರತ್ತಿದೆ. ಮಲೆನಾಡು ಯಾವ ಹೊತ್ತಿನಲ್ಲಿ ಹೋದರೂ ಒಂದಿಷ್ಟು ನೆರಳು, ಒಂದಿಷ್ಟು ಹಸಿರು ಕೊಟ್ಟು ಕಳಿಸುತ್ತದೆ. ಬಯಲುಸೀಮೆ ಹಾಗಲ್ಲ. ಇಲ್ಲಿಯ ಬಂಡೆ, ಇಲ್ಲಿಯ ನೀರು, ಇಲ್ಲಿಯ ಕಪ್ಪು ಮತ್ತು ಕೆಂಪು ಹೊಲಗಳು ಬೆಳಗಿನ ಎರಡು ತಾಸು, ಸಂಜೆಯ ಎರಡು ತಾಸು ಮಾತ್ರ ತಮ್ಮ ನಿಜವಾದ ಬಣ್ಣವನ್ನು ತೋರಿಸುತ್ತವೆ. ಮಧ್ಯಾಹ್ನ ಹನ್ನೆರಡಕ್ಕೆ ಅದೇ ಕೋಟೆ ಕಾದ ಹೆಂಚಿನಂತಿರುತ್ತದೆ. ಆದ್ದರಿಂದ ಸ್ಥಳಗಳ ಪಟ್ಟಿಯನ್ನು ಮೊದಲು ಬರೆದು ಆಮೇಲೆ ಸಮಯ ಹೊಂದಿಸುವ ಸಾಮಾನ್ಯ ಪದ್ಧತಿಯನ್ನು ಇಲ್ಲಿ ತಿರುವಿ ಹಾಕಬೇಕು. ಮೊದಲು ಹೊತ್ತನ್ನು ನಿಗದಿ ಮಾಡಿ, ಆ ಹೊತ್ತಿಗೆ ಯಾವ ಸ್ಥಳ ತಕ್ಕದ್ದು ಎಂದು ನೋಡಿ, ಕೊನೆಗೆ ಅವುಗಳನ್ನು ಜೋಡಿಸುವ ದಾರಿಯನ್ನು ಹುಡುಕಬೇಕು. ಬಂಡೆ ಹತ್ತುವುದು ಬೆಳಿಗ್ಗೆ ಒಂಬತ್ತೂವರೆಯ ಒಳಗೆ. ನೀರಿನ ದಂಡೆ ಮುಂಜಾನೆ ಅಥವಾ ಸಂಜೆ. ನಡುಹಗಲು ದಾರಿ ಸವೆಸಲು, ಉಣ್ಣಲು, ತೋಟದ ನೆರಳಿನಲ್ಲಿ ಕೂರಲು. ಇದೊಂದು ಸೂತ್ರ ಮನಸ್ಸಿನಲ್ಲಿದ್ದರೆ ಉಳಿದ ಯೋಜನೆ ಸುಲಭವಾಗುತ್ತದೆ.

ನಾನು ಇದನ್ನು ಕಲಿತದ್ದು ತಪ್ಪು ಮಾಡಿಯೇ. ಕೆಲವು ವರ್ಷಗಳ ಹಿಂದೆ ಏಪ್ರಿಲ್ ತಿಂಗಳ ಒಂದು ಭಾನುವಾರ, ನಿಧಾನವಾಗಿ ತಿಂಡಿ ಮುಗಿಸಿ ಹೊರಟು, ಹನ್ನೊಂದೂವರೆಗೆ ಚಿತ್ರದುರ್ಗದ ಕೋಟೆಯ ಬಾಗಿಲು ದಾಟಿದೆವು. ಐದು ಜನರಿಗೆ ಒಂದು ಲೀಟರ್ ನೀರಿನ ಎರಡು ಬಾಟಲಿಗಳಿದ್ದವು. ಹಿಡಿಂಬೇಶ್ವರ ದೇವಾಲಯದ ಬಳಿಗೆ ಬರುವಷ್ಟರಲ್ಲಿ ಎರಡೂ ಖಾಲಿಯಾಗಿದ್ದವು, ನಮ್ಮಲ್ಲೊಬ್ಬ ಗೆಳೆಯನಿಗೆ ಕಣ್ಣು ಕತ್ತಲಿಟ್ಟಿತು. ಅವನನ್ನು ಕಲ್ಲಿನ ಮಂಟಪದ ನೆರಳಿಗೆ ಎಳೆದು ಮಲಗಿಸಿ, ಇನ್ನೊಂದು ಗುಂಪಿನವರು ಕೊಟ್ಟ ನೀರನ್ನು ತಲೆಗೆ ತಟ್ಟಿ, ಮುಕ್ಕಾಲು ಗಂಟೆ ಅಂಗೈಯಿಂದ ಗಾಳಿ ಬೀಸುತ್ತಾ ಕುಳಿತ ಆ ದಿನ ಕೋಟೆಯಲ್ಲಿ ನಾವು ನೋಡಿದ್ದು ಬಹಳ ಕಡಿಮೆ. ತಪ್ಪು ಕೋಟೆಯದಲ್ಲ, ನಾವು ಹೋದ ಹೊತ್ತಿನದು.

ಯಾವ ತಿಂಗಳು

ಸೆಪ್ಟೆಂಬರ್ ನಡುಭಾಗದಿಂದ ಜನವರಿ ಕೊನೆಯವರೆಗಿನ ಕಾಲ ಈ ಸುತ್ತಿಗೆ ಅತ್ಯುತ್ತಮ. ಮುಂಗಾರು ಹಿಂದೆ ಸರಿದು ಕೆರೆಗಳು ತುಂಬಿರುತ್ತವೆ. ಭದ್ರಾ ನಾಲೆಯ ನೀರುಣ್ಣುವ ದಾವಣಗೆರೆ ಮತ್ತು ಹರಿಹರದ ಕಡೆಯ ಗದ್ದೆಗಳಲ್ಲಿ ಭತ್ತ ತೆನೆ ಕಟ್ಟುತ್ತಿರುತ್ತದೆ. ಚನ್ನಗಿರಿಯ ಕಡೆ ಅಡಿಕೆ ಕೊಯ್ಲು ಆರಂಭವಾಗಿ, ಬೇಯಿಸಿದ ಅಡಿಕೆಯನ್ನು ಅಂಗಳಗಳಲ್ಲಿ ಹರವಿರುತ್ತಾರೆ. ಜೂನ್‌ನಿಂದ ಆಗಸ್ಟ್‌ವರೆಗೆ ಚಿತ್ರದುರ್ಗದ ಗುಡ್ಡಗಳ ಮೇಲೆ ಬೀಸುವ ಗಾಳಿಯೂ ಒಂದು ಅನುಭವವೇ. ಗಾಳಿಯಂತ್ರಗಳು ಬಿಡುವಿಲ್ಲದೆ ತಿರುಗುವುದನ್ನು ನೋಡಬಯಸುವವರು ಆಷಾಢದಲ್ಲಿಯೇ ಹೋಗಬೇಕು. ಮಾರ್ಚ್, ಏಪ್ರಿಲ್, ಮೇ ತಿಂಗಳುಗಳನ್ನು ನಾನು ಯಾರಿಗೂ ಸೂಚಿಸುವುದಿಲ್ಲ.

ನವೆಂಬರ್‌ನಿಂದ ಜನವರಿಯವರೆಗೆ ಹೋಗುವವರು ಒಂದು ಅಪಾಯವನ್ನು ಮೊದಲೇ ಅರಿತಿರಬೇಕು. ಹಳ್ಳಿಯ ರಸ್ತೆಗಳ ಮೇಲೆ ರಾಗಿ, ಹುರುಳಿ ಮುಂತಾದ ಬೆಳೆಗಳನ್ನು ಹರಡಿ, ವಾಹನಗಳ ಗಾಲಿಯಿಂದಲೇ ಒಕ್ಕಣೆ ಮಾಡಿಸುವ ರೂಢಿ ನಮ್ಮ ಭಾಗದಲ್ಲಿದೆ. ಹುರುಳಿಯ ಒಣಬಳ್ಳಿ ಕಾರಿನ ಅಡಿಭಾಗದಲ್ಲಿ ಸುತ್ತಿಕೊಂಡು, ಸೈಲೆನ್ಸರಿನ ಬಿಸಿಗೆ ಬೆಂಕಿ ಹಿಡಿಯುವ ಸಂಭವವಿದೆ. ಅಂಥ ಕಣ ಎದುರಾದರೆ ಅದರ ಮೇಲೆ ವೇಗವಾಗಿ ನುಗ್ಗದೆ, ಬದಿಯಲ್ಲಿ ಜಾಗವಿದ್ದರೆ ಅಲ್ಲಿಂದ ದಾಟಿ, ಇಲ್ಲದಿದ್ದರೆ ನಿಧಾನವಾಗಿ ದಾಟಿದ ಕೂಡಲೇ ಗಾಡಿ ನಿಲ್ಲಿಸಿ ಕೆಳಗೆ ಬಗ್ಗಿ ನೋಡಬೇಕು. ಸಿಕ್ಕಿಕೊಂಡ ಹುಲ್ಲನ್ನು ಕೋಲಿನಿಂದ ಎಳೆದು ತೆಗೆಯಬೇಕು. ಮೆಕ್ಕೆಜೋಳದ ರಾಶಿಗಳನ್ನು ಸಹ ರಸ್ತೆಯ ಬದಿಯಲ್ಲಿ ಒಣಗಿಸುತ್ತಾರೆ, ರಾತ್ರಿ ಅವುಗಳ ಅಂಚಿಗೆ ಇಟ್ಟ ಕಲ್ಲುಗಳು ಕಾಣುವುದಿಲ್ಲ. ಹಳ್ಳಿಯ ದಾರಿಗಳನ್ನು ಹಗಲಿನಲ್ಲೇ ಮುಗಿಸಿ, ಕತ್ತಲಾದ ಮೇಲಿನ ಪ್ರಯಾಣಕ್ಕೆ ಹೆದ್ದಾರಿಯನ್ನು ಉಳಿಸಿಕೊಳ್ಳುವಂತೆ ನಾನು ಈ ಸುತ್ತನ್ನು ಜೋಡಿಸಿರುವುದಕ್ಕೆ ಇದೂ ಒಂದು ಕಾರಣ.

ಹೊರಡುವ ಮುನ್ನ ಹಣದ ಮಾತು

ಗೆಳೆತನದಲ್ಲಿ ಹಣದ ಮಾತು ಎತ್ತುವುದು ಸಂಕೋಚ ಎಂದು ತಿಳಿದು ಸುಮ್ಮನಿದ್ದವರೇ ಪ್ರವಾಸದ ಕೊನೆಯಲ್ಲಿ ಮುಖ ಸಿಂಡರಿಸಿಕೊಂಡು ಬಂದದ್ದನ್ನು ನಾನು ಹಲವು ಬಾರಿ ನೋಡಿದ್ದೇನೆ. ಹೊರಡುವ ವಾರದ ಒಂದು ಸಂಜೆ ಎಲ್ಲರೂ ಬೆಣ್ಣೆದೋಸೆಯ ಹೋಟೆಲಿನಲ್ಲಿ ಸೇರಿ, ಅಲ್ಲೇ ಲೆಕ್ಕ ಮುಗಿಸುವುದು ನಮ್ಮ ಗುಂಪಿನ ಪದ್ಧತಿ. ಪ್ರವಾಸದ ದಿನ ಬೆಳಿಗ್ಗೆ ದೋಸೆ ತಿಂದು ಹೊರಡೋಣ ಎಂಬ ಆಸೆ ದಾವಣಗೆರೆಯವರಿಗೆಲ್ಲ ಇರುತ್ತದೆ. ಆದರೆ ಹಂಚು ಕಾಯುವುದನ್ನು, ಸರದಿ ಬರುವುದನ್ನು ಕಾದು ಕುಳಿತರೆ ಮುಂಜಾನೆಯ ಬೆಳಕು ಪೂರ್ತಿ ಕಳೆದುಹೋಗುತ್ತದೆ. ಆ ಆಸೆಯನ್ನು ಹಿಂದಿನ ಸಂಜೆಯೇ ತೀರಿಸಿಕೊಳ್ಳುವುದು ಒಳ್ಳೆಯದು.

ಇಂಧನದ ಲೆಕ್ಕ ಸರಳ: ಒಟ್ಟು ದೂರವನ್ನು ಗಾಡಿಯ ಮೈಲೇಜಿನಿಂದ ಭಾಗಿಸಿ, ಬಂದದ್ದನ್ನು ಲೀಟರಿನ ದರದಿಂದ ಗುಣಿಸಬೇಕು. ಕಂಪನಿ ಹೇಳಿದ ಮೈಲೇಜನ್ನು ನಂಬದೆ, ಐದು ಜನ ಕುಳಿತು ಎಸಿ ಹಾಕಿದಾಗ ನಿಜವಾಗಿ ಬರುವ ಮೈಲೇಜನ್ನೇ ಹಿಡಿಯಬೇಕು. ಲೀಟರಿಗೆ 15 ಕಿಲೋಮೀಟರ್ ಎಂದು ಹಿಡಿದರೆ 360 ಕಿಲೋಮೀಟರಿಗೆ 24 ಲೀಟರ್. ಲೀಟರಿಗೆ 103 ರೂಪಾಯಿ ಎಂದುಕೊಂಡರೆ 2,472 ರೂಪಾಯಿ. ಐವರಲ್ಲಿ ಹಂಚಿದರೆ ತಲಾ 495 ರೂಪಾಯಿಯ ಆಸುಪಾಸು. ನಾಲ್ವರೇ ಇದ್ದರೆ ತಲಾ 618 ಆಗುತ್ತದೆ. ಬೈಕಿನಲ್ಲಿ ಹೋದರೆ ಬಹಳ ಉಳಿಯುತ್ತದೆ ಎಂಬ ನಂಬಿಕೆ ಸಾಮಾನ್ಯ. ಆದರೆ ಲೀಟರಿಗೆ 45 ಕಿಲೋಮೀಟರ್ ಕೊಡುವ ಬೈಕಿಗೆ ಇದೇ ಸುತ್ತಿಗೆ 8 ಲೀಟರ್ ಬೇಕು, ಅಂದರೆ 824 ರೂಪಾಯಿ, ಇಬ್ಬರಲ್ಲಿ ಹಂಚಿದರೆ ತಲಾ 412. ತುಂಬಿದ ಕಾರಿಗೂ ಬೈಕಿಗೂ ತಲಾ ಎಂಬತ್ತು, ತೊಂಬತ್ತು ರೂಪಾಯಿಗಳ ಅಂತರ ಮಾತ್ರ. ಬೈಕಿಗೆ ರಾಷ್ಟ್ರೀಯ ಹೆದ್ದಾರಿಯ ಟೋಲ್ ಇಲ್ಲ ಎಂಬುದು ನಿಜವಾದರೂ, ರಾತ್ರಿಯ ಹೆದ್ದಾರಿಯಲ್ಲಿ ಲಾರಿಗಳ ನಡುವೆ ದಣಿದ ಮೈಯಲ್ಲಿ ಬರುವ ಅಪಾಯಕ್ಕೆ ಈ ಉಳಿತಾಯ ತೂಗುವುದಿಲ್ಲ ಎಂಬುದು ನನ್ನ ಅಭಿಪ್ರಾಯ.

ನಮ್ಮ ಗುಂಪಿನಲ್ಲಿ ತಲಾ 2,000 ರೂಪಾಯಿಯನ್ನು ಮುಂಗಡವಾಗಿ ಒಬ್ಬರ ಖಾತೆಗೆ ಹಾಕುತ್ತೇವೆ. ಅದರಲ್ಲಿ 500 ಇಂಧನಕ್ಕೆ, 500 ರಾತ್ರಿಯ ವಸತಿಗೆ, 600 ಎರಡು ದಿನಗಳ ಊಟ ತಿಂಡಿಗೆ, 150 ಟೋಲ್, ಪ್ರವೇಶ ಶುಲ್ಕ ಮತ್ತು ವಾಹನ ನಿಲುಗಡೆಗೆ, ಉಳಿದ 250 ಆಪತ್ತಿಗೆ ಎಂದು ವಿಂಗಡಿಸುತ್ತೇವೆ. ಖಜಾಂಚಿಯೊಬ್ಬರೇ ಎಲ್ಲ ಪಾವತಿಯನ್ನೂ ಮಾಡಬೇಕು. ಚಹಾಕ್ಕೊಬ್ಬರು, ಪೆಟ್ರೋಲಿಗೊಬ್ಬರು ಕೊಡುತ್ತಾ ಹೋದರೆ ಸಂಜೆಗೆ ಯಾರ ಲೆಕ್ಕವೂ ತಾಳೆಯಾಗುವುದಿಲ್ಲ. ಹಳ್ಳಿಗಳ ಚಹಾದಂಗಡಿಗಳಲ್ಲೂ ಈಗ ಫೋನ್ ಪೇ ನಡೆಯುತ್ತದೆ, ಆದರೂ ನೆಟ್‌ವರ್ಕ್ ಇಲ್ಲದ ಕಡೆಗಳಿಗಾಗಿ ಸಾವಿರ ರೂಪಾಯಿಯಷ್ಟು ಚಿಲ್ಲರೆ ನೋಟುಗಳಿರಲಿ.

ಗಾಡಿ ಯಾರದೋ ಅವರ ಬಗ್ಗೆ ಒಂದು ಮಾತು. ಟೈರು ಸವೆಯುವುದು, ಸರ್ವಿಸ್ ಹತ್ತಿರವಾಗುವುದು ಅವರ ಗಾಡಿಯದೇ. ಆದ್ದರಿಂದ ಇಂಧನದ ಹಂಚಿಕೆಯಲ್ಲಿ ಗಾಡಿಯ ಮಾಲೀಕರನ್ನು ಕೈಬಿಟ್ಟು, ಉಳಿದವರು ಹೊರುವುದೇ ನ್ಯಾಯ; ಆಗ ಐವರ ಗುಂಪಿನಲ್ಲಿ ಉಳಿದ ನಾಲ್ವರ ಪಾಲು 500ರ ಬದಲು 618 ಆಗುತ್ತದೆ. ಗುಂಪಿನಲ್ಲಿ ಯಾರದೂ ಕಾರಿಲ್ಲದಿದ್ದರೆ, ಪರಿಚಯದವರ ಬಿಳಿ ಬೋರ್ಡಿನ ಗಾಡಿಯನ್ನು ಬಾಡಿಗೆ ಕೊಟ್ಟು ತರುವ ಯೋಚನೆ ಬೇಡ. ಖಾಸಗಿ ನೋಂದಣಿಯ ವಾಹನವನ್ನು ಬಾಡಿಗೆಗೆ ಓಡಿಸುವುದು ಕಾನೂನಿಗೆ ವಿರುದ್ಧ, ಅಪಘಾತವಾದರೆ ವಿಮೆಯ ಹಣ ಕೈಗೆ ಬರುವುದು ಕಷ್ಟ. ಹಳದಿ ಬೋರ್ಡಿನ ಟ್ಯಾಕ್ಸಿ ಅಥವಾ ಹತ್ತು, ಹನ್ನೆರಡು ಜನರಿದ್ದರೆ ಟಿಟಿ (ಟೆಂಪೊ ಟ್ರಾವೆಲರ್) ಗೊತ್ತು ಮಾಡಿಕೊಳ್ಳಬೇಕು. ಆಗ ಕಿಲೋಮೀಟರಿಗೆ ಎಷ್ಟು, ದಿನಕ್ಕೆ ಕನಿಷ್ಠ ಎಷ್ಟು ಕಿಲೋಮೀಟರಿನ ಬಾಡಿಗೆ ಹಿಡಿಯುತ್ತಾರೆ, ಚಾಲಕರ ಬಾಟಾ ಎಷ್ಟು, ಟೋಲ್ ಮತ್ತು ಪಾರ್ಕಿಂಗ್ ಯಾರದು ಎಂಬ ನಾಲ್ಕು ಪ್ರಶ್ನೆಗಳಿಗೆ ಉತ್ತರವನ್ನು ವಾಟ್ಸಾಪಿನಲ್ಲಿ ಬರಹದ ರೂಪದಲ್ಲೇ ಪಡೆದಿಟ್ಟುಕೊಳ್ಳಬೇಕು. ನಮ್ಮ ಸುತ್ತಿನಲ್ಲಿ ದಿನದ ಓಟ ಇನ್ನೂರು ಕಿಲೋಮೀಟರಿಗಿಂತ ಕಡಿಮೆಯಿರುವುದರಿಂದ, ದಿನಕ್ಕೆ 250 ಅಥವಾ 300 ಕಿಲೋಮೀಟರ್ ಕನಿಷ್ಠ ಎನ್ನುವವರ ಬಳಿ ಓಡದ ದೂರಕ್ಕೂ ಹಣ ತೆರಬೇಕಾಗುತ್ತದೆ. ಎರಡು ದಿನಗಳಿಗೆ ಒಟ್ಟು ಮೊತ್ತವಾಗಿ ಮಾತನಾಡಿಕೊಳ್ಳುವುದೇ ಲಾಭ.

ಟೋಲ್ ವಿಷಯದಲ್ಲಿ ಮೂರು ಸಂಗತಿಗಳನ್ನು ತಿಳಿದಿದ್ದರೆ ಸಾಕು. ಚಾಲ್ತಿಯಲ್ಲಿರುವ ಫಾಸ್ಟ್ಯಾಗ್ ಇಲ್ಲದ ಗಾಡಿಗೆ ಹೆಚ್ಚಿನ ಶುಲ್ಕ ಬೀಳುತ್ತದೆ; 2025ರ ನವೆಂಬರ್‌ನಿಂದ ಯುಪಿಐ ಮೂಲಕ ಕೊಡುವವರಿಗೆ ಅದು ಒಂದೂಕಾಲು ಪಟ್ಟಾಗಿದೆ. ಆದ್ದರಿಂದ ಹಿಂದಿನ ರಾತ್ರಿಯೇ ಖಾತೆಯಲ್ಲಿ ಹಣವಿದೆಯೇ ಎಂದು ನೋಡಬೇಕು. ಒಂದೇ ಟೋಲ್ ಕಟ್ಟೆಯನ್ನು 24 ಗಂಟೆಗಳೊಳಗೆ ಹೋಗಿ ಬಂದು ದಾಟಿದರೆ, ಎರಡೂ ಬಾರಿಗೆ ಸೇರಿ ಒಂದೂವರೆ ಪಟ್ಟು ಮಾತ್ರ ಕಡಿತವಾಗುತ್ತದೆ. ಗಾಡಿಗೆ ರಾಷ್ಟ್ರೀಯ ಹೆದ್ದಾರಿಯ ವಾರ್ಷಿಕ ಪಾಸ್ ಇದ್ದರೂ ಅದು ರಾಜ್ಯ ಹೆದ್ದಾರಿಯ ಸುಂಕದ ಕಟ್ಟೆಗಳಲ್ಲಿ ನಡೆಯುವುದಿಲ್ಲ.

ಮೊದಲ ದಿನ: ನೀರಿನಿಂದ ತೋಟಕ್ಕೆ, ತೋಟದಿಂದ ಬಂಡೆಗೆ

ಬೆಳಿಗ್ಗೆ ಐದೂವರೆಗೆ ದಾವಣಗೆರೆಯನ್ನು ಬಿಡಬೇಕು. ಐದೂವರೆ ಎಂದರೆ ಗಾಡಿಯ ಗಾಲಿ ತಿರುಗುವ ಹೊತ್ತು. ಎಲ್ಲರನ್ನೂ ಅವರವರ ಮನೆಯಿಂದ ಕರೆದುಕೊಳ್ಳಲು ಹೋದರೆ ಊರೊಳಗೇ ಮುಕ್ಕಾಲು ಗಂಟೆ ಹೋಗುತ್ತದೆಯಾದ್ದರಿಂದ, ಒಂದೇ ಸ್ಥಳದಲ್ಲಿ ಸೇರುವುದನ್ನು ಕಡ್ಡಾಯ ಮಾಡಬೇಕು. ಸಂತೇಬೆನ್ನೂರು ಅಲ್ಲಿಂದ ಸುಮಾರು 40 ಕಿಲೋಮೀಟರ್. ಚಳಿಗಾಲದಲ್ಲಿ ಸೂರ್ಯ ಹುಟ್ಟುವ ಹೊತ್ತಿಗೆ ಸರಿಯಾಗಿ ಊರು ಮುಟ್ಟಬಹುದು.

ಸಂತೇಬೆನ್ನೂರಿನ ಪುಷ್ಕರಣಿಯನ್ನು 16ನೆಯ ಶತಮಾನದಲ್ಲಿ ಕೆಂಗ ಹನುಮಪ್ಪ ನಾಯಕ ಕಟ್ಟಿಸಿದನು. ನೀರಿನ ನಡುವೆ ಬಹು ಅಂತಸ್ತಿನ ವಸಂತ ಮಂಟಪ, ಸುತ್ತಲೂ ಮೆಟ್ಟಿಲುಗಳು, ಅಂಚಿನಲ್ಲಿ ಸಣ್ಣ ಮಂಟಪಗಳು, ಪಕ್ಕದಲ್ಲಿ ಬಿಜಾಪುರದ ಸೇನಾನಿ ರಣದುಲ್ಲಾ ಖಾನನ ಹೆಸರಿನೊಂದಿಗೆ ಸೇರಿಕೊಂಡಿರುವ ಮುಸಾಫಿರ್‌ಖಾನೆ, ಅಂದರೆ ಪ್ರಯಾಣಿಕರ ತಂಗುದಾಣ. ಇಲ್ಲಿ ಬೆಳಗಿನ ಅರ್ಧ ಗಂಟೆಯನ್ನು ಏನೂ ಮಾಡದೆ ಕಳೆಯಬೇಕು ಎಂದು ನಾನು ಒತ್ತಿ ಹೇಳುತ್ತೇನೆ. ಮೊದಲು ಮಂಟಪದ ತುದಿಗೆ ಮಾತ್ರ ಬಿಸಿಲು ತಾಗುತ್ತದೆ. ಗಾರೆಯ ಆ ಮಸುಕು ಬಣ್ಣ ನಿಧಾನವಾಗಿ ಅರಿಶಿನದಂತಾಗಿ, ಅಂತಸ್ತಿನಿಂದ ಅಂತಸ್ತಿಗೆ ಇಳಿಯುತ್ತಾ ನೀರನ್ನು ಮುಟ್ಟುತ್ತದೆ. ಆಗ ನೀರಿನೊಳಗೆ ಇನ್ನೊಂದು ಮಂಟಪ ತಲೆಕೆಳಗಾಗಿ ಎದ್ದು ನಿಲ್ಲುತ್ತದೆ, ಒಂದು ಮೀನು ಮೇಲೆ ಬಂದು ಬಾಯಿ ತೆರೆದರೆ ಅದು ಅಲುಗಿ ಚೂರಾಗಿ ಮತ್ತೆ ಕೂಡಿಕೊಳ್ಳುತ್ತದೆ. ಕಳೆದ ಬಾರಿ ನಾವು ಮೆಟ್ಟಿಲ ಬಳಿ ನಿಂತಿದ್ದಾಗ, ಹೂವಿನ ಬುಟ್ಟಿ ಹಿಡಿದು ಹೋಗುತ್ತಿದ್ದ ಅಜ್ಜಿಯೊಬ್ಬರು, "ಕೆಳಗ್ ಇಳೀಬ್ಯಾಡ್ರಪ್ಪಾ, ಪಾಚಿ ಕಟ್ಟೇತಿ, ಜಾರ್ತತಿ" ಎಂದು ಹೇಳಿ ಹೋದರು. ಅವರ ಮಾತನ್ನು ಎಲ್ಲರೂ ಪಾಲಿಸಬೇಕು, ಪುಷ್ಕರಣಿ ಆಳವಾಗಿದೆ.

ಅಲ್ಲಿಂದ ಸೂಳೆಕೆರೆ ಹತ್ತಿರವೇ ಇದೆ. ಶಾಂತಿಸಾಗರ ಎಂಬ ಹೆಸರೂ ಇರುವ ಈ ಕೆರೆ ಏಷ್ಯಾದ ದೊಡ್ಡ ಕೆರೆಗಳಲ್ಲಿ ಒಂದೆಂದು ಹೆಸರಾದುದು. ಇದನ್ನು ಕಟ್ಟಿಸಿದವಳು ಶಾಂತವ್ವೆ ಎಂಬುದು ಜನರ ನಂಬಿಕೆ. ಎರಡು ಗುಡ್ಡಗಳ ನಡುವಿನ ಕಣಿವೆಗೆ ಏರಿ ಹಾಕಿ ನೀರು ನಿಲ್ಲಿಸಿದ ಜಾಣತನವನ್ನು ಏರಿಯ ಬಳಿ ನಿಂತಾಗಲೇ ಅರಿಯಬಹುದು. ಇಲ್ಲಿಂದ ಹೊರಡುವ ಹರಿದ್ರಾ ಹರಿಹರದ ಬಳಿ ತುಂಗಭದ್ರೆಯನ್ನು ಸೇರುತ್ತಾಳೆ. ಇದೇ ಕೆರೆಯ ನೀರು ಚಿತ್ರದುರ್ಗ ನಗರಕ್ಕೂ ಕುಡಿಯಲು ಹೋಗುತ್ತದೆ. ಬೆಳಿಗ್ಗೆ ನೋಡಿದ ನೀರನ್ನೇ ರಾತ್ರಿ ಚಿತ್ರದುರ್ಗದಲ್ಲಿ ಕುಡಿಯುವ ಸಾಧ್ಯತೆಯಿದೆ ಎಂಬುದು ನನಗೆ ಪ್ರತಿ ಬಾರಿಯೂ ಸಂತೋಷ ಕೊಡುವ ಸಂಗತಿ. ಬುತ್ತಿ ಬಿಚ್ಚಲು ಇದಕ್ಕಿಂತ ಒಳ್ಳೆಯ ಜಾಗವಿಲ್ಲ.

ಬುತ್ತಿಯೇ ಈ ಪ್ರವಾಸದ ದೊಡ್ಡ ಉಳಿತಾಯ. ಜೋಳದ ಕಟಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಗಟ್ಟಿ ಮೊಸರು, ಒಬ್ಬರ ಮನೆಯಿಂದ ಚಿತ್ರಾನ್ನ, ಇನ್ನೊಬ್ಬರ ಮನೆಯಿಂದ ಚಪಾತಿ ಪಲ್ಯ ಎಂದು ಹಂಚಿಕೊಂಡರೆ ಮೊದಲ ದಿನದ ಎರಡು ಹೊತ್ತಿನ ಊಟ ಮುಗಿಯುತ್ತದೆ. ಇದರ ಜೊತೆಗೆ ದಾವಣಗೆರೆಯ ಮಂಡಕ್ಕಿ ಭಟ್ಟಿಯಿಂದ ತಂದ ಗರಿಗರಿ ಮಂಡಕ್ಕಿಯ ಒಂದು ದೊಡ್ಡ ಚೀಲ, ಹುರಿದ ಶೇಂಗಾ, ನಾಲ್ಕು ಈರುಳ್ಳಿ ಮತ್ತು ಒಂದು ಸಣ್ಣ ಚಾಕು ಇರಲಿ. ಸಂಜೆಯ ಹಸಿವಿಗೆ ಹೆದ್ದಾರಿಯ ಹೋಟೆಲಿನಲ್ಲಿ ಕೊಡುವ ಹಣಕ್ಕಿಂತ ಬಹಳ ಕಡಿಮೆಯಲ್ಲಿ ಐದು ಜನರ ಹೊಟ್ಟೆ ತುಂಬುತ್ತದೆ. ಎಲೆ, ಕಾಗದ, ಬಾಟಲಿಗಳನ್ನು ಒಂದು ಚೀಲಕ್ಕೆ ಹಾಕಿ ಮರಳಿ ಊರಿಗೇ ತರಬೇಕು. ಕೆರೆಯ ದಂಡೆಯಲ್ಲಿ ಬಿಟ್ಟು ಬರುವವರನ್ನು ನಮ್ಮ ಗುಂಪಿಗೆ ನಾವು ಮತ್ತೆ ಕರೆದಿಲ್ಲ.

ಸೂಳೆಕೆರೆಯಿಂದ ಚನ್ನಗಿರಿ, ಅಲ್ಲಿಂದ ಹೊಳಲ್ಕೆರೆ, ಮುಂದೆ ಚಿತ್ರದುರ್ಗ. ಚನ್ನಗಿರಿಯ ಗುಡ್ಡದ ಮೇಲೆ ಸಣ್ಣ ಕೋಟೆಯೂ ರಂಗನಾಥನ ಗುಡಿಯೂ ಇವೆ. ಒಂಬತ್ತರೊಳಗೆ ತಲುಪಿದರೆ ಹತ್ತಬಹುದು, ತಡವಾದರೆ ಬಿಟ್ಟು ಮುಂದೆ ಹೋಗಬೇಕು. ಬಿಸಿಲು ಏರುವ ಹೊತ್ತಿಗೆ ಅಡಿಕೆ ತೋಟಗಳ ಸಾಲು ಆರಂಭವಾಗುತ್ತದೆ. ಹೊಳಲ್ಕೆರೆಯಲ್ಲಿ ಬಯಲಿನಲ್ಲೇ ಕುಳಿತಿರುವ ಬೃಹತ್ ಗಣಪತಿಗೆ ಕೈಮುಗಿದು, ನೆರಳಿರುವ ಒಂದು ಕಡೆ ಬುತ್ತಿಯ ಎರಡನೆಯ ಭಾಗವನ್ನು ಮುಗಿಸಿ, ಗಾಡಿ ಓಡಿಸುವವರು ಅರ್ಧ ಗಂಟೆ ಕಣ್ಣು ಮುಚ್ಚಬೇಕು. ಭೀಮಸಮುದ್ರದ ಕೆರೆಯ ಕಡೆಯಿಂದ ಸುತ್ತಿಕೊಂಡು ಹೋಗುವಷ್ಟು ಸಮಯವಿದ್ದರೆ ಆ ದಾರಿಯೂ ಚೆನ್ನು. ಚಿತ್ರದುರ್ಗ ಹತ್ತಿರವಾದಂತೆ ಹಸಿರು ಹಿಂದೆ ಸರಿದು, ಒಂದರ ಮೇಲೊಂದು ಪೇರಿಸಿಟ್ಟಂತಿರುವ ಬಂಡೆಗಳೂ ಗುಡ್ಡದ ನೆತ್ತಿಯ ಮೇಲಿನ ಗಾಳಿಯಂತ್ರಗಳೂ ಕಾಣಿಸಿಕೊಳ್ಳುತ್ತವೆ. ಅರ್ಧ ದಿನದ ದಾರಿಯಲ್ಲಿ ನೆಲ ಇಷ್ಟು ಬದಲಾಗುವುದನ್ನು ಗಮನಿಸಲು ಹಿಂದಿನ ಸೀಟಿನವರು ಮೊಬೈಲನ್ನು ಕೆಳಗಿಡಬೇಕು.

ಸಂಜೆ ನಾಲ್ಕರ ಸುಮಾರಿಗೆ ಚಂದ್ರವಳ್ಳಿಗೆ ಹೋಗಬೇಕು. ಬಂಡೆಗುಡ್ಡಗಳ ನಡುವಿನ ಈ ಕಣಿವೆಯಲ್ಲಿ ಒಂದು ಕೆರೆ, ಕದಂಬರ ಮಯೂರಶರ್ಮನ ಶಾಸನ ಮತ್ತು ಅಂಕಲಿ ಮಠದ ಗುಹೆಗಳಿವೆ. 1947ರಲ್ಲಿ ಪುರಾತತ್ತ್ವಜ್ಞ ಮಾರ್ಟಿಮರ್ ವೀಲರ್ ಇಲ್ಲಿ ಉತ್ಖನನ ನಡೆಸಿದರು. ಗುಹೆಯೊಳಗೆ ಪೂರ್ತಿ ಕತ್ತಲು. ಸ್ಥಳೀಯ ಮಾರ್ಗದರ್ಶಿಯಿಲ್ಲದೆ ಇಳಿಯಬಾರದು, ಅವರಿಗೆ ಕೊಡುವ ಹಣವನ್ನು ಮೊದಲೇ ಮಾತಾಡಿಕೊಂಡು ಬಜೆಟ್ಟಿನಲ್ಲಿ ಸೇರಿಸಬೇಕು. ಕಾಡು ನೋಡಬಯಸುವವರು ಚಂದ್ರವಳ್ಳಿಯ ಬದಲು ಜೋಗಿಮಟ್ಟಿಯನ್ನು ಆರಿಸಿಕೊಳ್ಳಬಹುದು. ಅದು ಅರಣ್ಯ ಇಲಾಖೆಯ ವ್ಯಾಪ್ತಿಯಲ್ಲಿರುವುದರಿಂದ ಪ್ರವೇಶದ ಸಮಯ ಮತ್ತು ವಾಹನ ಎಲ್ಲಿಯವರೆಗೆ ಹೋಗಬಹುದು ಎಂಬುದನ್ನು ಹಿಂದಿನ ದಿನವೇ ವಿಚಾರಿಸಿಕೊಳ್ಳಬೇಕು. ಒಂದೇ ಸಂಜೆಯಲ್ಲಿ ಎರಡನ್ನೂ ಮಾಡುವ ಆತುರ ಬೇಡ.

ಮೊದಲ ದಿನ ರಜೆ ಸಿಗದ ಗೆಳೆಯರು ಸಂಜೆಯ ಬಸ್ಸಿನಲ್ಲಿ ನೇರವಾಗಿ ಚಿತ್ರದುರ್ಗಕ್ಕೆ ಬಂದು ಸೇರಬಹುದು. ದಾವಣಗೆರೆಯಿಂದ ಹೆದ್ದಾರಿಯಲ್ಲಿ 60 ಕಿಲೋಮೀಟರ್ ಅಷ್ಟೆ, ಶಕ್ತಿ ಯೋಜನೆಯಲ್ಲಿ ಮಹಿಳೆಯರಿಗೆ ಸಾಮಾನ್ಯ ಸಾರಿಗೆ ಬಸ್ಸಿನ ಪ್ರಯಾಣ ಉಚಿತ. ವಸತಿಗೆ ಬಸ್ ನಿಲ್ದಾಣದ ಸುತ್ತಲಿನ ಲಾಡ್ಜುಗಳೇ ಸಾಕು, ರಾತ್ರಿ ಮಲಗಿ ಬೆಳಿಗ್ಗೆ ಐದೂವರೆಗೆ ಏಳುವವರಿಗೆ ಹೆಚ್ಚಿನದು ಬೇಕಿಲ್ಲ. ಆದರೆ ಕೋಣೆಗೆ ಎಷ್ಟು ಜನರಿಗೆ ಅವಕಾಶ, ಹೆಚ್ಚುವರಿ ಹಾಸಿಗೆಗೆ ಎಷ್ಟು, ಗಾಡಿ ನಿಲ್ಲಿಸಲು ಜಾಗವಿದೆಯೇ ಎಂದು ಫೋನಿನಲ್ಲಿ ಕೇಳಿ ಖಚಿತಪಡಿಸಿಕೊಳ್ಳಬೇಕು, ಪ್ರತಿಯೊಬ್ಬರೂ ಮೂಲ ಗುರುತಿನ ಚೀಟಿ ಇಟ್ಟುಕೊಂಡಿರಬೇಕು.

ಎರಡನೆಯ ದಿನ: ಕೋಟೆ ಮತ್ತು ಕಣಿವೆ

ಕೋಟೆಯ ಬಾಗಿಲು ತೆರೆಯುವ ಹೊತ್ತಿಗೆ ಅಲ್ಲಿರಬೇಕು. ತಲಾ ಒಂದು ಲೀಟರ್ ನೀರು, ಟೋಪಿ ಅಥವಾ ಟವೆಲು, ಬಂಡೆಯಲ್ಲಿ ಜಾರದ ಬೂಟು ಇವು ಕಡ್ಡಾಯ. ಮಂಗಗಳಿರುವುದರಿಂದ ತಿಂಡಿಯ ಚೀಲವನ್ನು ಕೈಯಲ್ಲಿ ಹಿಡಿಯಬಾರದು.

ಏಳು ಸುತ್ತಿನ ಕೋಟೆಯನ್ನು ಓಡುತ್ತಾ ನೋಡಿದರೆ ಒನಕೆ ಓಬವ್ವನ ಕಿಂಡಿಯೊಂದು ಮಾತ್ರ ನೆನಪಿನಲ್ಲಿ ಉಳಿಯುತ್ತದೆ. ಆ ಕಿಂಡಿಯ ಮುಂದೆ ಬಗ್ಗಿ ನೋಡುವುದು ಪ್ರತಿಯೊಬ್ಬ ಕನ್ನಡಿಗನಿಗೂ ರೋಮಾಂಚನವೇ; ಒಬ್ಬ ಮನುಷ್ಯ ತೆವಳಿಕೊಂಡು ಮಾತ್ರ ಬರಬಹುದಾದ ಆ ಸಂದನ್ನು ಕಂಡಾಗಲೇ, ಹೈದರಾಲಿಯ ಸೈನಿಕರು ಒಬ್ಬೊಬ್ಬರಾಗಿ ಏಕೆ ನುಸುಳಬೇಕಾಯಿತು, ಒಬ್ಬ ಹೆಣ್ಣುಮಗಳು ಒಂದು ಒನಕೆಯಿಂದ ಅವರನ್ನು ಹೇಗೆ ತಡೆದಳು ಎಂಬುದು ಅರ್ಥವಾಗುತ್ತದೆ. ಆದರೆ ನನ್ನ ಸಲಹೆಯೆಂದರೆ ನೀರಿನ ಜಾಡು ಹಿಡಿದು ಕೋಟೆಯನ್ನು ನೋಡುವುದು. ಮೇಲಿನ ಗೋಪಾಲಸ್ವಾಮಿ ಹೊಂಡ ತುಂಬಿದರೆ ಹೆಚ್ಚಿನ ನೀರು ಅಕ್ಕತಂಗಿಯರ ಹೊಂಡಕ್ಕೆ, ಅಲ್ಲಿಂದ ಕೆಳಗೆ ಸಿಹಿನೀರು ಹೊಂಡಕ್ಕೆ, ಕೊನೆಗೆ ಊರೊಳಗಿನ ಸಂತೆಹೊಂಡಕ್ಕೆ ಇಳಿಯುವಂತೆ ನಾಯಕರ ಕಾಲದವರು ಜೋಡಿಸಿದ್ದರು. ಬಂಡೆಯ ಮೇಲೆ ಬಿದ್ದ ಹನಿಯನ್ನು ವ್ಯರ್ಥ ಮಾಡದ ಈ ಏರ್ಪಾಡನ್ನು ಕಣ್ಣಾರೆ ಹಿಂಬಾಲಿಸಿದವರಿಗೆ, ಮಳೆ ಕಡಿಮೆಯಿರುವ ಈ ಸೀಮೆಯಲ್ಲಿ 1779ರವರೆಗೂ ಮದಕರಿ ನಾಯಕ ಹೈದರಾಲಿಗೆ ಹೇಗೆ ಎದುರು ನಿಂತ ಎಂಬ ಪ್ರಶ್ನೆಗೆ ಅರ್ಧ ಉತ್ತರ ಸಿಕ್ಕಂತಾಗುತ್ತದೆ. ಮದ್ದು ಅರೆಯುತ್ತಿದ್ದ ದೊಡ್ಡ ಬೀಸುಕಲ್ಲುಗಳು, ಏಕನಾಥೇಶ್ವರಿ ಗುಡಿ, ಹಿಡಿಂಬೇಶ್ವರದ ಉಯ್ಯಾಲೆ ಕಂಬ ಇವನ್ನು ದಾರಿಯಲ್ಲಿ ನೋಡುತ್ತಾ, ಒಂಬತ್ತೂವರೆ, ಹತ್ತರೊಳಗೆ ಕೆಳಗಿಳಿಯಬೇಕು.

ತಿಂಡಿ ಮುಗಿಸಿ, ಕೋಣೆ ಖಾಲಿ ಮಾಡಿ, ನಡುಹಗಲನ್ನು ಹಿರಿಯೂರಿನ ದಾರಿಗೆ ಕೊಡಬೇಕು. ಚಿತ್ರದುರ್ಗದಿಂದ ಹಿರಿಯೂರು ಸುಮಾರು 40 ಕಿಲೋಮೀಟರ್. ಅಲ್ಲಿ ತೇರು ಮಲ್ಲೇಶ್ವರನ ಗುಡಿಯ ತಂಪಿನಲ್ಲಿ ಸ್ವಲ್ಪ ಕುಳಿತು, ಮುದ್ದೆ ಊಟ ಮಾಡಿ, ಮೂರೂವರೆಯ ನಂತರ ವಾಣಿವಿಲಾಸ ಸಾಗರದ ದಾರಿ ಹಿಡಿಯಬಹುದು. ನಮ್ಮ ಜನ ಮಾರಿಕಣಿವೆ ಎಂದೇ ಕರೆಯುವ ಈ ಅಣೆಕಟ್ಟೆಯನ್ನು ಮೈಸೂರು ಸಂಸ್ಥಾನದವರು ವೇದಾವತಿಗೆ ಅಡ್ಡಲಾಗಿ 1898ರಲ್ಲಿ ಆರಂಭಿಸಿ 1907ರಲ್ಲಿ ಮುಗಿಸಿದರು. ಇದರ ಪೂರ್ಣಮಟ್ಟ 130 ಅಡಿ. 1933ರಲ್ಲಿ ಕೋಡಿ ಬಿದ್ದದ್ದು ಬಿಟ್ಟರೆ ಮತ್ತೆ ಕೋಡಿ ಹರಿದದ್ದು 89 ವರ್ಷಗಳ ನಂತರ, 2022ರಲ್ಲಿ. 2025ರ ಜನವರಿಯಲ್ಲಿ ಮೂರನೆಯ ಬಾರಿ. ಎಷ್ಟೋ ವರ್ಷ ತಳ ಕಂಡಿದ್ದ ಈ ಜಲಾಶಯ ತುಂಬಿ ನಿಂತದ್ದನ್ನು ನೋಡಿ ಹಿರಿಯೂರಿನ ಕಡೆಯ ರೈತರ ಕಣ್ಣು ತುಂಬಿದ್ದನ್ನು ನಾನು ಕಂಡಿದ್ದೇನೆ. ಕಣಿವೆ ಮಾರಮ್ಮನಿಗೆ ಹಣ್ಣುಕಾಯಿ ಮಾಡಿಸಿ, ಹಿನ್ನೀರಿನ ಮೇಲೆ ಸಂಜೆಯ ಬೆಳಕು ಹರಡುವವರೆಗೆ ಇದ್ದು, ಆರೂಕಾಲಕ್ಕೆ ಹೊರಡಬೇಕು. ನೀರಿಗೆ ಇಳಿಯುವುದು, ಸೆಲ್ಫಿಗಾಗಿ ಅಂಚಿಗೆ ಹೋಗುವುದು ಬೇಡ.

ಮರಳುವ ದಾರಿ ಸುಮಾರು 120 ಕಿಲೋಮೀಟರ್, ಬಹುಪಾಲು 48ನೆಯ ರಾಷ್ಟ್ರೀಯ ಹೆದ್ದಾರಿ. ಚಿತ್ರದುರ್ಗದಲ್ಲಿ ಚಹಾ ಕುಡಿದು ಚಾಲಕರನ್ನು ಬದಲಾಯಿಸಿ, ಹೆಬ್ಬಾಳು ಟೋಲ್ ದಾಟಿದರೆ ಊರು ಬಂದಂತೆಯೇ. ಹೆದ್ದಾರಿಯ ಬದಿಯಲ್ಲಿ ದೀಪವಿಲ್ಲದೆ ನಿಂತ ಲಾರಿಗಳೇ ರಾತ್ರಿಯ ದೊಡ್ಡ ಅಪಾಯವಾದ್ದರಿಂದ ಎಡ ಅಂಚಿಗೆ ಅಂಟಿಕೊಂಡು ವೇಗವಾಗಿ ಹೋಗಬಾರದು, ಹಿಂದಿನ ಸೀಟಿನವರೂ ಬೆಲ್ಟ್ ಹಾಕಬೇಕು, ಮುಂದೆ ಕುಳಿತವರು ನಿದ್ದೆ ಮಾಡಬಾರದು. ಹೆದ್ದಾರಿಯಲ್ಲಿ ಗಾಡಿ ಕೆಟ್ಟರೆ 1033, ತುರ್ತು ಸಂದರ್ಭಕ್ಕೆ 112, ಆಂಬುಲೆನ್ಸಿಗೆ 108 ಎಂಬ ಮೂರು ಸಂಖ್ಯೆಗಳು ಎಲ್ಲರ ಫೋನಿನಲ್ಲಿರಲಿ.

ಒಂದೇ ದಿನ, ಕಡಿಮೆ ಹಣ

ಎರಡು ದಿನ ಸಿಗದವರು ಹರಿಹರ, ಕೊಂಡಜ್ಜಿ, ಉಚ್ಚಂಗಿದುರ್ಗ ಎಂಬ ಸಣ್ಣ ಸುತ್ತನ್ನು ಮಾಡಬಹುದು. ಹೊತ್ತಿನ ಸೂತ್ರ ಇಲ್ಲಿಗೂ ಅನ್ವಯಿಸುತ್ತದೆ: ಬೆಳಿಗ್ಗೆ ಮೊದಲು ಉಚ್ಚಂಗಿದುರ್ಗದ ಬೆಟ್ಟ, ನಡುಹಗಲಿಗೆ ಹೊಯ್ಸಳರ ದಂಡನಾಯಕ ಪೋಲಾಳ್ವ 13ನೆಯ ಶತಮಾನದಲ್ಲಿ ಕಟ್ಟಿಸಿದ ಹರಿಹರೇಶ್ವರ ದೇವಾಲಯದ ಕಂಬಗಳ ತಂಪು, ಸಂಜೆಗೆ ಕೊಂಡಜ್ಜಿಯ ಕೆರೆ. ಹುಣ್ಣಿಮೆಯ ದಿನಗಳಲ್ಲಿ ಉಚ್ಚಂಗೆಮ್ಮನ ಭಕ್ತರ ದಟ್ಟಣೆಯಿರುತ್ತದೆ. ದರ್ಶನದ ಉದ್ದೇಶವಿಲ್ಲದವರು ಆ ದಿನವನ್ನು ಬಿಡಬೇಕು. ಅಶೋಕನ ಶಾಸನಗಳಿರುವ ಮೊಳಕಾಲ್ಮೂರಿನ ಬ್ರಹ್ಮಗಿರಿ ಮತ್ತು ಜಟಿಂಗ ರಾಮೇಶ್ವರವನ್ನು ಇದಕ್ಕೆ ಸೇರಿಸಬಾರದು, ಅದಕ್ಕೆ ಪ್ರತ್ಯೇಕ ವಾರಾಂತ್ಯವೇ ಬೇಕು.

ಗಾಡಿಯ ತಯಾರಿ, ಲೆಕ್ಕದ ಮುಕ್ತಾಯ

ಹೊರಡುವ ಎರಡು ದಿನ ಮೊದಲು ಪಂಕ್ಚರ್ ಅಂಗಡಿಗೆ ಹೋಗಿ ನಾಲ್ಕು ಗಾಲಿಗಳ ಜೊತೆಗೆ ಸ್ಟೆಪ್ನಿಗೂ ಗಾಳಿ ಹಾಕಿಸಬೇಕು. ಒಮ್ಮೆ ಹೊಳಲ್ಕೆರೆಯ ದಾರಿಯಲ್ಲಿ ನಮ್ಮ ಟೈರು ಕುಳಿತಾಗ, ಡಿಕ್ಕಿ ತೆಗೆದು ಸಾಮಾನೆಲ್ಲ ಕೆಳಗಿಟ್ಟು ನೋಡಿದರೆ ಸ್ಟೆಪ್ನಿಯಲ್ಲಿಯೂ ಗಾಳಿಯಿರಲಿಲ್ಲ; ಅಡಿಕೆ ಚೀಲ ಸಾಗಿಸುತ್ತಿದ್ದ ಗೂಡ್ಸ್ ಆಟೋದವರೊಬ್ಬರು ಗಾಲಿಯನ್ನೂ ನಮ್ಮಲ್ಲೊಬ್ಬರನ್ನೂ ಹತ್ತಿಸಿಕೊಂಡು ಮುಂದಿನ ಊರಿಗೆ ಹೋಗಿ, ಮರಳಿ ತಂದು ಬಿಟ್ಟರು. ಜಾಕು, ಪಾನಾ, ಟಾರ್ಚು ಇವೆಯೇ ಎಂದು ಕೈಯಲ್ಲಿ ಮುಟ್ಟಿ ನೋಡಬೇಕು. ಆರ್‌ಸಿ, ವಿಮೆ, ಹೊಗೆ ತಪಾಸಣೆ ಮತ್ತು ಲೈಸೆನ್ಸ್ ಡಿಜಿಲಾಕರಿನಲ್ಲಿದ್ದರೆ ನಡೆಯುತ್ತದೆ. ವಾಂತಿಯ ಮಾತ್ರೆ, ಓಆರ್‌ಎಸ್ ಪುಡಿ, ಬ್ಯಾಂಡೇಜು ಒಂದು ಡಬ್ಬಿಯಲ್ಲಿರಲಿ.

ಊರು ಮುಟ್ಟಿದ ರಾತ್ರಿಯೇ ಖಜಾಂಚಿಯು ಲೆಕ್ಕದ ಹಾಳೆಯ ಚಿತ್ರ ತೆಗೆದು ಗುಂಪಿಗೆ ಕಳಿಸಬೇಕು. ಬೆಳಿಗ್ಗೆಗೆ ಬಿಟ್ಟರೆ ಮಾರ್ಗದರ್ಶಿಗೆ ಕೊಟ್ಟ ನೂರು, ಪಾರ್ಕಿಂಗಿನ ಮೂವತ್ತು ಮರೆತುಹೋಗುತ್ತವೆ. ಆಪತ್ತಿಗೆಂದು ತೆಗೆದಿಟ್ಟಿದ್ದರಲ್ಲಿ ಉಳಿದದ್ದನ್ನು ಅವರವರ ಖಾತೆಗೆ ಮರಳಿಸಬೇಕು, ಗಾಡಿಯ ಮಾಲೀಕರಿಗೆ ವಾಟರ್ ವಾಷಿನ ಹಣವನ್ನು ಅದರಲ್ಲೇ ಮೊದಲು ಮುರಿದುಕೊಟ್ಟು. ಕೆರೆಯ ದಂಡೆಯಿಂದ ತಂದ ಕಸದ ಚೀಲ ಡಿಕ್ಕಿಯಲ್ಲೇ ಉಳಿದಿರುತ್ತದೆ. ಅದನ್ನು ಕೊನೆಗೆ ಇಳಿಯುವವರು ತಮ್ಮ ಮನೆಯ ಮುಂದೆ ಬರುವ ನಗರಪಾಲಿಕೆಯ ಗಾಡಿಗೆ ಹಾಕಬೇಕು.